"ಯಾಕೆ ಬೇಡ" ಅನ್ನಬೇಡಿ, "ಪಾಯ ಎಷ್ಟಾಳ" ಅಂತ ಕೇಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಅಪ್ಪ 1996ರಲ್ಲಿ ಕಟ್ಟಿಸಿದ ಒಂದಂತಸ್ತಿನ ಮನೆ, ಜಂಬಿಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟಿನ ಮೋಲ್ಡ್. ತಮ್ಮನಿಗೆ ಮದುವೆ ಗೊತ್ತಾಗಿದೆ. ಮೇಲೆ ಎರಡು ಕೋಣೆ, ಒಂದು ಹಾಲ್ ಕಟ್ಟೋಣ, ಖರ್ಚು ನನ್ನದು ಅನ್ನುತ್ತಾನೆ. "ಕಣ್ಮುಚ್ಚಿ ಕಟ್ಟಬಹುದು" ಎಂದು ಮೇಸ್ತ್ರಿಯೂ ಹೇಳಿದ್ದಾರೆ. ಅಪ್ಪ ಮಾತ್ರ "ನಾನಿರೋವರೆಗೆ ಬೇಡ" ಅನ್ನುತ್ತಾರೆ. ಯಾಕೆ ಅಂದರೆ ಎದ್ದು ಹೋಗುತ್ತಾರೆ. ಇಬ್ಬರ ನಡುವೆ ಮಾತು ನಿಂತಿದೆ. ನಾನು ಯಾರ ಪರ ನಿಲ್ಲಲಿ?
– ಹಿರಿಯ ಮಗಳು

ಉತ್ತರ: ಸದ್ಯಕ್ಕೆ ಯಾರ ಪರವೂ ಬೇಡ. ಅಪ್ಪನ ಪಕ್ಕ ಕೂತು "ಪಾಯ ಎಷ್ಟಾಳ ತೆಗೆಸಿದ್ರಿ?" ಅಂತ ಕೇಳಿ. ನಿಮ್ಮ ಮನೆಗೆ ಎಂಜಿನಿಯರ್ ಬರೆದ ನಕ್ಷೆ ಇರುವುದು ಅನುಮಾನ. ಹಾಗಿದ್ದರೆ ಮಣ್ಣಿನೊಳಗೆ ಏನಿದೆ ಅನ್ನುವುದಕ್ಕೆ ಉಳಿದಿರುವ ದಾಖಲೆ ಅವರೊಬ್ಬರೇ. ಕೈಯಲ್ಲಿ ದುಡ್ಡು ಸಾಲದೆ ಆಗ ಪಾಯದಲ್ಲಿ ಒಂದಡಿ ಉಳಿಸಿದ್ದರೆ, ಈಗ ಮಕ್ಕಳೆದುರು ಅದನ್ನು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಸೈಜುಗಲ್ಲು ಎಷ್ಟು ವರಸೆ, ಗಾರೆ ಸಿಮೆಂಟಿನದೋ ಮಣ್ಣಿನದೋ, ಧರೆ ಕಡಿದದ್ದು ಯಾವ ಕಡೆ, ಮಣ್ಣು ತುಂಬಿಸಿದ್ದು ಯಾವ ಕಡೆ, ಇಷ್ಟು ಹೊರಬಂದರೆ ಸಾಕು.

ಕೊನೆಯ ಪ್ರಶ್ನೆಯೇ ನಮ್ಮ ಕಡೆ ದೊಡ್ಡದು. ಇಳಿಜಾರಿನಲ್ಲಿ ಧರೆ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆಯ ಹಿಂಭಾಗ ಗಟ್ಟಿ ನೆಲದ ಮೇಲಿರುತ್ತದೆ, ಮುಂಭಾಗ ಕಡಿದು ಸುರಿದ ಮಣ್ಣಿನ ಮೇಲೆ. ಒಂದಂತಸ್ತಿಗೆ ಅದು ಹೇಗೋ ತಡೆದಿರುತ್ತದೆ. ಭಾರ ಹೆಚ್ಚಿದರೆ ಮುಂಭಾಗ ಮಾತ್ರ ಕುಸಿದು, ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು ಏಳುತ್ತದೆ. ಅಂಥ ಬಿರುಕು ಈಗಲೇ ಇದ್ದರೆ, ಅಲ್ಲಿ ಸುಣ್ಣಬಣ್ಣ ಕೆರೆದು, ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡೂ ತುದಿಗೆ ಅರಾಲ್ಡೈಟ್ ಹಚ್ಚಿ ಅಂಟಿಸಿ. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಬಿರುಕು ನಿಂತಿದೆ ಅಂತ ಲೆಕ್ಕ. ಒಡೆದಿದ್ದರೆ ಮನೆ ಇನ್ನೂ ಕೂರುತ್ತಿದೆ, ಆಗ ಮೇಲಂತಸ್ತಿನ ಮಾತೇ ಬೇಡ.

ಅಪ್ಪನ ನೆನಪನ್ನು ನೆಲದಲ್ಲಿ ತಾಳೆ ನೋಡಬೇಕು. ಹೊರಗೋಡೆಗೆ ತಾಗಿ, ಮೂಲೆ ಬಿಟ್ಟು, ಹಿಂದೊಂದು ಮುಂದೊಂದು, ಮೂರಡಿ ಉದ್ದ ಎರಡಡಿ ಅಗಲದ ಗುಂಡಿ ತೆಗೆಸಿ. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದು. ಪಾಯದ ತಳ ಕಂಡ ಕೂಡಲೇ ನಿಲ್ಲಿಸಿ, ಅದರಡಿಗೆ ಹಾರೆ ಹೋಗಕೂಡದು. ಕಲ್ಲಿನ ಸಂದಿಗೆ ಸ್ಕ್ರೂಡ್ರೈವರ್ ಚುಚ್ಚಿದಾಗ ಅರ್ಧ ಗೇಣು ಸಲೀಸಾಗಿ ಇಳಿದರೆ ಅದು ಮಣ್ಣಿನ ಗಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಅದೇ ದಿನ ಬಂದು ನೋಡಲಿ. ಮುಚ್ಚುವಾಗ ಆರಾರು ಇಂಚಿಗೊಮ್ಮೆ ದಮ್ಮಸ್ಸು ಹೊಡೆಸಿ, ಇಲ್ಲವಾದರೆ ಜೂನಿನಲ್ಲಿ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಎಲ್ಲಿ ಅಗೆಯಬೇಕೆಂದು ಅಪ್ಪ ತೋರಿಸಲಿ, ಟೇಪು ಹಿಡಿಯುವುದು ತಮ್ಮನ ಕೆಲಸವಾಗಲಿ.

ಮೇಸ್ತ್ರಿ ಗೋಡೆ ಎಬ್ಬಿಸುವುದರಲ್ಲಿ ಪಳಗಿದವರೇ ಇರಬಹುದು, ಭಾರದ ಲೆಕ್ಕ ಬೇರೆ. ಐದಿಂಚಿನ ಮೋಲ್ಡ್ ಚದರ ಮೀಟರಿಗೆ ಸುಮಾರು 310 ಕೆಜಿ. ಹತ್ತಡಿ ಎತ್ತರದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮೀಟರ್ ಉದ್ದಕ್ಕೆ 1,300 ಕೆಜಿ. ಎಂಟಿಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್) ಆದರೆ ಇದರ ಮೂರನೇ ಒಂದು ಪಾಲು. ಮೋಲ್ಡಿನ ಬದಲು ಕಬ್ಬಿಣದ ಚೌಕಟ್ಟಿಗೆ ಮಂಗಳೂರು ಹೆಂಚು ಹೊದಿಸಿದರೆ ಚದರ ಮೀಟರಿಗೆ 65 ಕೆಜಿ ಆಸುಪಾಸು. ಪಾಯ ಸುಮಾರಾಗಿದ್ದರೆ ಬ್ಲಾಕಿನ ಗೋಡೆ, ಹೆಂಚಿನ ಮಾಡು ಎಂದೇ ನಮ್ಮ ಒಲವು. ಮಂಗಗಳು ವರ್ಷಕ್ಕೆ ಒಂದಿಷ್ಟು ಹೆಂಚು ಒಡೆಯುತ್ತವೆ, ಅದನ್ನು ಸಹಿಸಬೇಕು ಅಷ್ಟೆ. ಯಾವುದೇ ಆದರೂ, ಕೆಳಗೆ ಗೋಡೆಯಿಲ್ಲದ ಕಡೆ ಮೇಲೆ ಗೋಡೆ ಬೇಡ.

ಹಳೇ ಮೋಲ್ಡಿನ ಅಡಿಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿರಬಹುದು. ವರ್ಷಗಟ್ಟಲೆ ಸೋರಿದ ತಾರಸಿಯಲ್ಲಿ ಇದು ಸಾಮಾನ್ಯ.

ಮೇಲೂ ಮೋಲ್ಡೇ ಎಂದು ಎಂಜಿನಿಯರ್ ಒಪ್ಪಿದರೆ, ಹಲವರು ಮರೆಯುವ ಸಂಗತಿಯೊಂದಿದೆ. ಹೊಸ ಮೋಲ್ಡಿನ ಸೆಂಟ್ರಿಂಗ್ ಜಾಕಿಗಳು, ಅಂದರೆ ಹಸಿ ಕಾಂಕ್ರೀಟಿನ ಅಚ್ಚನ್ನು ಹೊರುವ ಕಬ್ಬಿಣದ ಕಂಬಗಳು, ನಿಲ್ಲುವುದು ಹಳೇ ಮೋಲ್ಡಿನ ಮೇಲೆ. ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ 150 ಕೆಜಿ, ಹಸಿ ಕಾಂಕ್ರೀಟೊಂದೇ ಅದರ ಎರಡರಷ್ಟಾಗುತ್ತದೆ. ಹಾಗಾಗಿ ಕೆಳಮನೆಯೊಳಗೂ ಅದೇ ಸಾಲಿಗೆ ಜಾಕಿ ಕೊಡಬೇಕು, 14 ದಿನ ತೆಗೆಯಬಾರದು. ಅಷ್ಟು ದಿನ ನಡುಮನೆ ಕಬ್ಬಿಣದ ತೋಟವಾಗಿರುತ್ತದೆ ಎಂದು ಅಮ್ಮನಿಗೆ ಮೊದಲೇ ಹೇಳಿಡಿ.

ದುಡ್ಡಿನ ವಿಷಯ. ಅಪ್ಪನ ಹೆಸರಿನ ಜಾಗದಲ್ಲಿ ತಮ್ಮ ದುಡ್ಡು ಹಾಕಿ ಕಟ್ಟಿದ ಮಾತ್ರಕ್ಕೆ ಮೇಲಂತಸ್ತು ಅವನದಾಗುವುದಿಲ್ಲ. ಮುಂದೆ ನಿಮ್ಮ ಪಾಲೂ ಅದರಲ್ಲಿ ಬರಬಹುದು. ಯಾರಿಗೆ ಏನು ಎಂಬುದನ್ನು ವಕೀಲರ ಮುಂದೆ ಬರೆಸಿ, ನೋಂದಣಿ ಮಾಡಿಸಿ. ಕೆಲಸ ಶುರುವಾಗುವ ಮೊದಲೇ.

ಮದುವೆ ಮುಹೂರ್ತಕ್ಕೂ ಮೋಲ್ಡಿಗೂ ಗಂಟು ಹಾಕಬೇಡಿ. ದೀಪಾವಳಿ ಕಳೆದು ಗೋಡೆ ಶುರುಮಾಡಿದರೂ ಅಡಿಕೆ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ, ಕೆಲಸ ಎಳೆಯುತ್ತದೆ. ಮಾರ್ಚ್ ಕೊನೆಗೆ ಮೋಲ್ಡ್ ಬಿದ್ದರೆ ಕ್ಯೂರಿಂಗ್, ಹೊರಗಾರೆ, ನೀರಿಳಿಯುವ ಪೈಪು ಮೇ ಒಳಗೆ ಮುಗಿಯುತ್ತವೆ. ಏಪ್ರಿಲ್ ದಾಟಿತೋ, ಮುಂದಿನ ದೀಪಾವಳಿಗೆ ಬಿಡಿ. ಅಲ್ಲಿಯವರೆಗೆ ಹೊಸ ಜೋಡಿಗೆ ಕೆಳಗಿನ ಕೋಣೆಯೊಂದನ್ನು ಬಿಟ್ಟುಕೊಡಿ.