ಬಂಕಮ್‌ಗಾಗಿ ಒಂದು ಭಾಷಣ

ಪ್ರಶ್ನೆ: ಅಮೆರಿಕದ ಪತ್ರಿಕೆಗಳಲ್ಲಿ ರಾಜಕಾರಣಿಗಳ ಮಾತನ್ನು ‘ಬಂಕಮ್’, ‘ಬಂಕ್’ ಎಂದು ತಳ್ಳಿಹಾಕಿರುತ್ತಾರೆ. ಹಾಗೆಂದರೇನು? ಕ್ಲಾಸಿಗೆ ಬಂಕ್ ಹೊಡೆಯುತ್ತಾರಲ್ಲ, ಅದೇನಾ ಇದು?

ಉತ್ತರ: ಅಲ್ಲ, ಅದು ಬೇರೆ. ಇದರ ಅರ್ಥ ಬೊಗಳೆ, ಹುರುಳಿಲ್ಲದ ಮಾತು. ಹುಟ್ಟಿದ್ದು ಅಮೆರಿಕದ ಸಂಸತ್ತಿನಲ್ಲೇ.

1820ರ ಫೆಬ್ರುವರಿ. ಮಿಸ್ಸೌರಿಯನ್ನು ರಾಜ್ಯವಾಗಿ ಸೇರಿಸಿಕೊಂಡರೆ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂದು ಕೆಳಮನೆಯಲ್ಲಿ ವಾದ ನಡೆದೂ ನಡೆದೂ ಸದಸ್ಯರು ಸುಸ್ತಾಗಿದ್ದರು. ‘ಮತಕ್ಕೆ ಹಾಕಿ’ ಎಂದು ಕೂಗು ಎದ್ದಿದೆ, ಆಗ ಉತ್ತರ ಕೆರೊಲಿನಾದ ಫೀಲಿಕ್ಸ್ ವಾಕರ್ ಮಾತಿಗೆ ಎದ್ದು ನಿಂತರು. ಯೌವನದಲ್ಲಿ ಹೆಸರಾಂತ ಗಡಿನಾಡ ಅನ್ವೇಷಕ ಡೇನಿಯಲ್ ಬೂನ್ ಜೊತೆ ಕೆಂಟಕಿಯ ಕಾಡು ಹೊಕ್ಕು, ದಾಳಿಯಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಬಂದ ಮನುಷ್ಯ, ಕೂಗಾಟಕ್ಕೆ ಜಗ್ಗುವವರಲ್ಲ. ದಯವಿಟ್ಟು ಕೂರಿ ಎಂದವರಿಗೆ, ‘ನಾನು ಬಂಕಮ್‌ಗಾಗಿ ಮಾತಾಡಲೇಬೇಕು’ ಎಂದರು.

ಬಂಕಮ್ ಎನ್ನುವುದು ಅವರ ಕ್ಷೇತ್ರದ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಗುಡ್ಡಗಾಡಿನ ಆಶ್‌ವಿಲ್ ನಗರ ಇರುವುದು ಅಲ್ಲೇ. ನಮ್ಮ ಪ್ರತಿನಿಧಿ ಬಾಯಿ ಬಿಟ್ಟರು ಎಂದು ಊರಿನವರಿಗೆ ಗೊತ್ತಾಗಬೇಕಿತ್ತು, ಅಷ್ಟೆ. ಎದುರು ಕೂತವರು ಕೇಳಿದರೆಷ್ಟು, ಬಿಟ್ಟರೆಷ್ಟು! ಅಂದಿನಿಂದ ಮತದಾರರ ಕಿವಿಗೆಂದೇ ಆಡುವ ಮಾತಿಗೆ ‘ಬಂಕಮ್‌ಗೆ ಮಾತಾಡುವುದು’ ಎಂಬ ಹೆಸರು ಬಿತ್ತು. ಆಮೇಲೆ ಯಾವ ಪೊಳ್ಳು ಮಾತಾದರೂ ಬಂಕಮ್ ಆಯಿತು. ಮೊದಲಿನ ಅರ್ಥವೇ ನನಗೆ ಹೆಚ್ಚು ಇಷ್ಟ. ಅದರಲ್ಲಿ ಸುಳ್ಳಿನ ಆರೋಪವಿಲ್ಲ, ಮಾತು ಯಾರಿಗಾಗಿ ಎಂಬ ಪ್ರಶ್ನೆಯಿದೆ.

ಇದರಲ್ಲಿ ನನಗೆ ನೋವಾಗುವುದು ಕರ್ನಲ್ ಎಡ್ವರ್ಡ್ ಬಂಕಮ್ ಬಗ್ಗೆ. ಕೌಂಟಿಗೆ ಇಟ್ಟಿದ್ದು ಅವರ ಹೆಸರು. ಸ್ವಾತಂತ್ರ್ಯ ಸಮರದಲ್ಲಿ, 1777ರ ಜರ್ಮನ್‌ಟೌನ್ ಕದನದಲ್ಲಿ ಗಾಯಗೊಂಡು ಬ್ರಿಟಿಷರ ಸೆರೆಗೆ ಸಿಕ್ಕವರು, ಮನೆಗೆ ಮರಳಲೇ ಇಲ್ಲ. ಅವರ ಮನೆಯ ಬಾಗಿಲು ಬಂದವರಿಗೆಲ್ಲ ತೆರೆದಿರುತ್ತಿತ್ತಂತೆ. ಅಂಥವರ ಹೆಸರು ಬೊಗಳೆಗೆ ಅಂಟಿಕೊಂಡದ್ದು ಅನ್ಯಾಯವೇ ಸರಿ.

ಬಂಕಮ್ ಮೊಟಕಾಗಿ ‘ಬಂಕ್’ ಆಯಿತು. 1916ರಲ್ಲಿ ಹೆನ್ರಿ ಫೋರ್ಡ್ ‘ಇತಿಹಾಸವೆಂದರೆ ಹೆಚ್ಚುಕಡಿಮೆ ಬಂಕ್’ ಎಂದದ್ದು ಇದೇ ಅರ್ಥದಲ್ಲಿ. 1923ರಲ್ಲಿ ಕಾದಂಬರಿಕಾರ ವಿಲಿಯಂ ವುಡ್‌ವರ್ಡ್ ಅದರಿಂದಲೇ ‘ಡಿಬಂಕ್’ ಹುಟ್ಟಿಸಿದರು. ಸುಳ್ಳು ಸುದ್ದಿಯನ್ನು ಬಯಲಿಗೆಳೆಯುವವರು ಇವತ್ತಿಗೂ ಬಳಸುವ ಪದ ಅದೇ.