ಎಲ್ಲಾ ಕಡೆ ನಿಲ್ಲಿಸುತ್ತಾರೆ, ನನ್ನ ಮಗನ ಜಾಗ ಯಾವುದು?

ಪ್ರಶ್ನೆ: ಸರ್, ನನ್ನ ಮಗ ಕಲಬುರಗಿಯ ಒಂದು ಕಾಲೇಜಿನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಮೊದಲ ವರ್ಷ ಶಾರ್ಟ್‌ಸ್ಟಾಪ್ (ಸೆಕೆಂಡ್ ಬೇಸ್, ಥರ್ಡ್ ಬೇಸ್ ನಡುವೆ ನಿಲ್ಲುವವನು) ಆಗಿದ್ದ. ಈಗ ಒಂದು ಮ್ಯಾಚಿಗೆ ಸೆಕೆಂಡ್ ಬೇಸ್, ಇನ್ನೊಂದಕ್ಕೆ ಬೇಸ್‌ಗಳ ಆಚೆ ದೂರದ ಔಟ್‌ಫೀಲ್ಡ್, ಯಾರಾದರೂ ಬರದಿದ್ದರೆ ಥರ್ಡ್ ಬೇಸ್. ಕೇಳಿದರೆ ಕೋಚ್ 'ಇವನು ನಮ್ಮ ಯುಟಿಲಿಟಿ ಪ್ಲೇಯರ್ ರೀ' ಅನ್ನುತ್ತಾರೆ. ಹೋದ ವಾರ ಮಗ ಊಟ ಬಿಟ್ಟು ಮಲಗಿದ. 'ನಂದು ಅಂತ ಒಂದು ಜಾಗಾನೇ ಇಲ್ಲಪ್ಪಾ' ಅಂದ. ಇದು ಬೆಳೆಯುವ ದಾರಿಯಾ, ಇಲ್ಲಾ ಸುಮ್ನೆ ಖಾಲಿ ಜಾಗಕ್ಕೆ ಬಳಸಿಕೊಳ್ಳುತ್ತಿದ್ದಾರಾ?
– ಒಬ್ಬ ತಂದೆ, ಸೇಡಂ

ಉತ್ತರ: ನೋಡ್ರಿ ಅಣ್ಣಾ, ಎರಡೂ ಇರಬಹುದು. ಯಾವುದು ಅಂತ ಕಂಡುಹಿಡಿಯೋಕೆ ಒಂದು ಸುಲಭದ ದಾರಿ ಇದೆ. ಎಲ್ಲರೂ ಬಂದಿರುವ ದಿನ, ಯಾರಿಗೂ ಗಾಯ ಇಲ್ಲದ ದಿನ ನಿಮ್ಮ ಮಗ ಆಡುತ್ತಾನಾ? ಆಡುತ್ತಾನೆ ಅಂದರೆ ಕೋಚ್‌ಗೆ ಅವನು ಬೇಕು, ಜಾಗ ಯಾವುದಾದರೂ ಸರಿ ಇವನು ಮೈದಾನದಲ್ಲಿ ಇರಲಿ ಅಂತ ಲೆಕ್ಕ. ಯಾರೋ ಬರದ ದಿನ ಮಾತ್ರ ಕರೆ ಬಂದರೆ ಆಗ ನಿಮ್ಮ ಅನುಮಾನ ಸರಿ, ಹೋಗಿ ಮಾತಾಡಲೇಬೇಕು.

ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಇಂಥವರಿಗೆ ಯಾಕೆ ಬೆಲೆ ಅಂದರೆ, ಅಲ್ಲಿ ತಂಡಕ್ಕೆ 26 ಜನ. ಅದರಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್‌ಗಳೇ ಸಾಮಾನ್ಯವಾಗಿ 13 ಜನ. ಉಳಿದ 13ರಲ್ಲಿ 9 ಜನ ಬ್ಯಾಟಿಂಗ್ ಪಟ್ಟಿಗೆ ಹೋಗುತ್ತಾರೆ, ಬೆಂಚಿನಲ್ಲಿ ಉಳಿಯುವವರು ನಾಲ್ವರು. ಅವರಲ್ಲಿ ಒಬ್ಬ ಎರಡನೇ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ ಬ್ಯಾಟರ್ ಹಿಂದೆ ಇರುವವನು). ಪಿಚರ್, ಕ್ಯಾಚರ್ ಬಿಟ್ಟರೆ ಇನ್ನೂ ಏಳು ಜಾಗ, ಅವನ್ನೆಲ್ಲ ನೋಡಿಕೊಳ್ಳೋಕೆ ಮೂವರೇ! ನಮ್ಮವರಿಗೆ ಇದು ಹೊಸದೇನಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಗ್ಲವ್ ಹಾಕಿಕೊಂಡು ವಿಕೆಟ್ ಹಿಂದೆ ನಿಂತಿದ್ದಕ್ಕೇ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಕ್ಕಿದ್ದು. ಆ ಸಲ ಭಾರತ ಫೈನಲ್ ತನಕ ಹೋಯಿತು.

ನಿಮ್ಮ ಮಗನಿಗೆ ಬೆನ್ ಜೋಬ್ರಿಸ್ಟ್ ಕಥೆ ಹೇಳಿ. ಇಲಿನಾಯ್ ರಾಜ್ಯದ ಯುರೇಕಾ ಅನ್ನೋ ಸಣ್ಣ ಊರಿನವರು, ತಂದೆ ಪಾಸ್ಟರ್. ಹೈಸ್ಕೂಲ್ ಮುಗಿದಾಗ ಆಡೋಕೆ ಬಾ ಅಂತ ಯಾವ ಕಾಲೇಜೂ ಕರೆಯಲಿಲ್ಲ. ಹುಟ್ಟುಹಬ್ಬಕ್ಕೆ ಸಿಕ್ಕಿದ್ದ 50 ಡಾಲರ್ ಕಟ್ಟಿ ಒಂದು ಟ್ರಯಲ್ಸ್‌ಗೆ ಹೋದರು, ಅಲ್ಲಿಂದ ಕಾಲೇಜ್ ತಂಡ ಸಿಕ್ಕಿತು. 2004ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಆರಿಸಿಕೊಂಡಿತು, 2006ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಮೇಜರ್ ಲೀಗ್‌ಗೆ ಬಂದರು. ಆಗ ಅವರೂ ಶಾರ್ಟ್‌ಸ್ಟಾಪ್. ಮೊದಲೆರಡು ವರ್ಷ ಬ್ಯಾಟ್ ಕೈಕೊಟ್ಟಿತು, ಕೆಳಗಿನ ಲೀಗ್‌ಗೆ ವಾಪಸ್ ಹೋಗಬೇಕಾಯಿತು. ಆಮೇಲೆ ಬ್ಯಾಟಿಂಗ್ ತಿದ್ದಿಕೊಂಡು ಬಂದರು. ಮ್ಯಾನೇಜರ್ ಜೋ ಮ್ಯಾಡನ್ ಅವರನ್ನು ದಿನಕ್ಕೊಂದು ಕಡೆ ನಿಲ್ಲಿಸತೊಡಗಿದರು. 2009ರಲ್ಲಿ ಪಿಚರ್, ಕ್ಯಾಚರ್ ಬಿಟ್ಟು ಉಳಿದ ಏಳೂ ಜಾಗದಲ್ಲಿ ಆಡಿ, 27 ಹೋಮ್ ರನ್ ಹೊಡೆದು ಲೀಗ್‌ನ ಆಯ್ದ ಆಟಗಾರರ ಆಲ್‌ಸ್ಟಾರ್ ತಂಡ ಸೇರಿದರು.

2015ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ಜೊತೆ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ ಗೆದ್ದರು. ಆಮೇಲೆ ಷಿಕಾಗೋ ಕಬ್ಸ್ ನಾಲ್ಕು ವರ್ಷಕ್ಕೆ 5 ಕೋಟಿ 60 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು. ಕಬ್ಸ್ ಅಂದರೆ 108 ವರ್ಷದಿಂದ ಕಪ್ ಕಾಣದ ತಂಡ. 2016ರ ಫೈನಲ್‌ನ ಏಳನೇ ಪಂದ್ಯ, 9 ಇನ್ನಿಂಗ್ಸ್ ಮುಗಿದರೂ ಸಮ ಸಮ, ನಡುವೆ 17 ನಿಮಿಷ ಮಳೆ. ಹತ್ತನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಗಳು ಇವರಿಗಿಂತ ಮೊದಲು ಬಂದ ಬ್ಯಾಟರ್‌ನನ್ನು ಬೇಕಂತಲೇ ಬೇಸ್‌ಗೆ ಬಿಟ್ಟು, ಜೋಬ್ರಿಸ್ಟ್ ಎದುರು ಬರಲಿ ಅಂದುಕೊಂಡರು. ಜೋಬ್ರಿಸ್ಟ್ ಎಡಗಡೆ ಗೆರೆ ಪಕ್ಕದಲ್ಲೇ ಚೆಂಡು ಹೊಡೆದರು, ಮುನ್ನಡೆಯ ರನ್ ಬಂತು, ಕಬ್ಸ್ 8–7ರಲ್ಲಿ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರ ಯಾರು? ಇದೇ 'ಖಾಲಿ ಜಾಗ ತುಂಬುವ' ಮನುಷ್ಯ! ನನಗೆ ಇದನ್ನು ಎಷ್ಟು ಸಲ ಹೇಳಿದರೂ ಖುಷಿಯೇ.

ಆದರೆ ಒಂದು ಗಮನಿಸಿ. ಇದೆಲ್ಲ ನಡೆದಿದ್ದು ಬ್ಯಾಟ್ ಸುಧಾರಿಸಿದ ಮೇಲೆ. ಅದೂ ಅಲ್ಲದೆ ಅವರ ಬುನಾದಿ ಶಾರ್ಟ್‌ಸ್ಟಾಪ್. ಅಲ್ಲಿ ಕಾಲು ಚುರುಕಿರಬೇಕು, ತೋಳಿನಲ್ಲಿ ಶಕ್ತಿ ಇರಬೇಕು. ಅಲ್ಲಿ ಪಳಗಿದವನು ಬೇರೆ ಕಡೆ ಬೇಗ ಹೊಂದಿಕೊಳ್ಳುತ್ತಾನೆ, ಬೇರೆ ಕಡೆಯಿಂದ ಬಂದು ಅಲ್ಲಿ ಹೊಂದಿಕೊಳ್ಳೋದು ಬಹಳ ಕಷ್ಟ. ಅದಕ್ಕೇ ಕೋಚ್ ಹತ್ತಿರ ಜಗಳ ಬೇಡ, ಎರಡೇ ಮಾತು ಕೇಳಿ. ಪ್ರಾಕ್ಟೀಸ್‌ನಲ್ಲಿ ವಾರಕ್ಕೆ ಎರಡು ದಿನ ಅವನು ಶಾರ್ಟ್‌ಸ್ಟಾಪ್‌ನಲ್ಲೇ ಚೆಂಡು ಹಿಡಿಯಲಿ. ನಾಳೆ ಎಲ್ಲಿ ಆಡಬೇಕು ಅನ್ನೋದು ಇವತ್ತೇ ಗೊತ್ತಾಗಲಿ.

ಗ್ಲವ್ ಬಗ್ಗೆಯೂ ಹೇಳಬೇಕು. ಮೊನ್ನೆ ಬೆಳಿಗ್ಗೆ ಇಲ್ಲಿನ ಒಂದು ಗ್ರೌಂಡ್‌ನಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಔಟ್‌ಫೀಲ್ಡ್‌ನ ದೊಡ್ಡ ಗ್ಲವ್, ಹೆಬ್ಬೆರಳ ಹತ್ತಿರ ಹರಿದಿದ್ದನ್ನು ಶೂ ಲೇಸಿನಿಂದ ಹೊಲಿದಿದ್ದ. ಅದನ್ನೇ ಹಾಕಿಕೊಂಡು ಸೆಕೆಂಡ್ ಬೇಸ್‌ನಲ್ಲಿ ನಿಂತಿದ್ದ. ನಮ್ಮ ಕರಿಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಚೆಂಡು ಎತ್ತ ಎಗರುತ್ತದೋ ಗೊತ್ತಾಗಲ್ಲ. ಚೆಂಡು ಗ್ಲವ್‌ನ ಆಳಕ್ಕೆ ಇಳಿಯಿತು, ಅವನು ಒಳಗೆ ತಡಕಾಡಿ ತೆಗೆಯುವಷ್ಟರಲ್ಲಿ ಓಡುವವನು ಬೇಸ್ ಮುಟ್ಟಿದ್ದ. ಒಳಗಿನ ಜಾಗಗಳಿಗೆ 11ರಿಂದ 11.5 ಇಂಚಿನ ಗ್ಲವ್ ಸಾಕು, ಔಟ್‌ಫೀಲ್ಡ್‌ಗೆ 12.5 ಇಂಚಿನ ಆಸುಪಾಸು ಬೇಕು. ಎರಡೂ ಕೊಡಿಸಲು ಆಗದಿದ್ದರೆ ಚಿಕ್ಕದು ಕೊಡಿಸಿ, ದೊಡ್ಡದನ್ನು ಕಾಲೇಜಿನಲ್ಲಿ ಕೇಳಿ ಪಡೆಯಲಿ. ಓದು ಮಾತ್ರ ಬಿಡಿಸಬೇಡಿ.

ಪ್ರಶ್ನೆ: ಒಬ್ಬರೇ ಒಂದೇ ಮ್ಯಾಚಿನಲ್ಲಿ ಒಂಬತ್ತೂ ಜಾಗದಲ್ಲಿ ಆಡಿದ್ದಾರಂತೆ, ನಿಜಾನಾ?
– ಪಿಯುಸಿ ವಿದ್ಯಾರ್ಥಿ, ಶಹಾಪುರ

ಉತ್ತರ: ನಿಜ ತಮ್ಮಾ. ಮೇಜರ್ ಲೀಗ್‌ನಲ್ಲಿ ಮೊದಲು ಮಾಡಿದವರು ಬರ್ಟ್ ಕಾಂಪನೆರಿಸ್, 1965ರ ಸೆಪ್ಟೆಂಬರ್ 8ರಂದು. ಕೊನೆಗೆ ಕ್ಯಾಚರ್ ಆಗಿದ್ದಾಗ ಓಡಿ ಬಂದವನು ಡಿಕ್ಕಿ ಹೊಡೆದು ಗಾಯ ಆಯಿತು, ಆಟ ಬಿಟ್ಟು ಹೊರಗೆ ಹೋದರು. 1968ರಲ್ಲಿ ಸೀಸರ್ ತೋವಾರ್, 2017ರಲ್ಲಿ ಆಂಡ್ರ್ಯೂ ರೋಮೈನ್ ಕೂಡ ಮಾಡಿದ್ದಾರೆ. ನೋಡೋಕೆ ಚೆಂದ, ಆದರೆ ಅದು ಒಂದು ದಿನದ ಹಬ್ಬ. ನನಗೆ ಜಾಸ್ತಿ ಸಂತೋಷ ಕೊಟ್ಟಿದ್ದು 2022. ಒಳ್ಳೆ ಫೀಲ್ಡಿಂಗ್‌ಗೆ 1957ರಿಂದ ಕೊಡುತ್ತಿರುವ ಗೋಲ್ಡ್ ಗ್ಲವ್ ಪ್ರಶಸ್ತಿಯಲ್ಲಿ ಆ ವರ್ಷ ಯುಟಿಲಿಟಿ ಆಟಗಾರರಿಗೆ ಅಂತಲೇ ಬೇರೆ ಪ್ರಶಸ್ತಿ ಶುರುವಾಯಿತು.

ಪ್ರಶ್ನೆ: ಸರ್, ನಾನು ಸಾಫ್ಟ್‌ಬಾಲ್ ಆಡುತ್ತೇನೆ. ಎಡಗೈಯವಳು ಅಂತ ಶಾರ್ಟ್‌ಸ್ಟಾಪ್ ಕೊಡುತ್ತಿಲ್ಲ. ಇದು ಅನ್ಯಾಯ ಅಲ್ವಾ?
– ವಿದ್ಯಾರ್ಥಿನಿ, ಬೀದರ್

ಉತ್ತರ: ತಂಗಿ, ಇದಕ್ಕೆ ಕಾರಣ ಇದೆ. ಶಾರ್ಟ್‌ಸ್ಟಾಪ್‌ನಲ್ಲಿ ನಿಂತರೆ ಫಸ್ಟ್ ಬೇಸ್ ನಿನ್ನ ಎಡಕ್ಕೆ ಬರುತ್ತದೆ. ಬಲಗೈಯವರು ಚೆಂಡು ಹಿಡಿದಾಗ ಅವರ ಎಡ ಭುಜ ಆಗಲೇ ಆ ಕಡೆಗಿರುತ್ತದೆ, ನೇರ ಎಸೆಯಬಹುದು. ನೀನು ಮೈಯನ್ನೇ ತಿರುಗಿಸಬೇಕು. ಸಾಫ್ಟ್‌ಬಾಲ್‌ನಲ್ಲಿ ಬೇಸ್‌ಗೆ 60 ಅಡಿ ಅಷ್ಟೇ, ನೀನು ತಿರುಗುವಷ್ಟರಲ್ಲಿ ಚೆಂಡು ಹೊಡೆದು ಓಡುವವಳು ತಲುಪಿಬಿಡುತ್ತಾಳೆ. ಆದರೆ ಫಸ್ಟ್ ಬೇಸ್‌ನಲ್ಲಿ ಇದೇ ಎಡಗೈ ನಿನ್ನ ಬಲ. ಗ್ಲವ್ ಬಲಗೈಯಲ್ಲಿ ಇರೋದರಿಂದ ಮೈದಾನದ ಕಡೆಗೇ ತೆರೆದಿರುತ್ತದೆ, ಸೆಕೆಂಡ್ ಬೇಸ್‌ಗೆ ಎಸೆಯಲು ಮೈ ತಿರುಗಿಸಬೇಕಿಲ್ಲ. ಫಸ್ಟ್ ಬೇಸ್, ಮೂರೂ ಔಟ್‌ಫೀಲ್ಡ್ ಜಾಗ, ಜೊತೆಗೆ ಪಿಚಿಂಗ್, ಒಟ್ಟು ಐದು ಜಾಗ ನಿನಗೆ ತೆರೆದಿವೆ. ಸೋಮವಾರ ಪ್ರಾಕ್ಟೀಸ್‌ಗೆ ಹೋದಾಗ ಕೋಚ್‌ಗೆ ಹೇಳು, ಫಸ್ಟ್ ಬೇಸ್‌ನಲ್ಲಿ ಇಪ್ಪತ್ತು ಚೆಂಡು ಹಾಕಿ ಸರ್ ಅಂತ. ಎಡಗಾಲು ಬೇಸ್ ಮೇಲೆ ಇಟ್ಟು ಬಲಗಾಲು ಚಾಚಿ ಹಿಡಿ.