ಓದುಗರ ಪ್ರಶ್ನೆ: ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್

ಪ್ರಶ್ನೆ: ನನ್ನದು 1967ರ ಎಂಜಿಬಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಪೆಡಲ್ ಆಳಕ್ಕೆ ಹೋಗುತ್ತದೆ. ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರನ್ನು ದೊಡ್ಡ ಬೋರಿನದು (ಒಳವ್ಯಾಸದ್ದು) ಹಾಕಿದರೆ ಸರಿಹೋಗುತ್ತದೆಯೇ? ಹಿಂದಿನ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರನ್ನೂ ದೊಡ್ಡದು ಮಾಡಲೇ?

ಉತ್ತರ: ಎರಡೂ ಬೇಡ. ಬೋರ್ ದೊಡ್ಡದಾದರೆ ಪೆಡಲ್ ಗಟ್ಟಿಯೆನಿಸುವುದು ನಿಜ, ಆದರೆ ಕಾಲಿನ ಅದೇ ಬಲಕ್ಕೆ ಒತ್ತಡ ಕಡಿಮೆ ಹುಟ್ಟುತ್ತದೆ. ಮುಕ್ಕಾಲು ಇಂಚಿನ ಬದಲು 7/8 ಇಂಚು ಹಾಕಿದರೆ ಪಿಸ್ಟನ್ನಿನ ವಿಸ್ತೀರ್ಣ ಶೇ 36ರಷ್ಟು ಹೆಚ್ಚಿ, ಒತ್ತಡ ಶೇ 27ರಷ್ಟು ಇಳಿಯುತ್ತದೆ. ಗಟ್ಟಿ ಪೆಡಲ್ ಒಳ್ಳೆಯ ಬ್ರೇಕ್ ಎಂದು ನಂಬಿ ಮೋಸಹೋಗುವುದು ಇಲ್ಲೇ. ಹಿಂದಿನ ವೀಲ್ ಸಿಲಿಂಡರ್ ಇನ್ನೂ ಅಪಾಯ: ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ; ಆಗ ಅಲ್ಲಿ ಬಲ ಹೆಚ್ಚಿದ್ದರೆ ಹಿಂದಿನ ಚಕ್ರಗಳೇ ಮೊದಲು ಕಚ್ಚಿಕೊಂಡು ಕಾರು ತಿರುಗಿಬಿಡುತ್ತದೆ. ಸಿಲಿಂಡರ್ ಬದಲಿಸಲೇಬೇಕಾದರೆ ಹಳೆಯದರ ಮೇಲೆ ಅಚ್ಚಾದ ಬೋರ್ ಅಳತೆ ಓದಿ, ಅದನ್ನು ಕಾರಿನ ವರ್ಕ್‌ಶಾಪ್ ಕೈಪಿಡಿಯೊಂದಿಗೆ ತಾಳೆ ನೋಡಿ, ಕೈಪಿಡಿ ಹೇಳುವ ಅಳತೆಯದನ್ನೇ ಕೊಳ್ಳಿ. ಹಿಂದಿನ ಮಾಲೀಕರು ಬೇರೆಯದನ್ನು ಹಾಕಿರಬಹುದು.

ಏನನ್ನೂ ಕೊಳ್ಳುವ ಮೊದಲು ಹಿಂದಿನ ಶೂಗಳ ಅಡ್ಜಸ್ಟರ್ ತಿರುಗಿಸಿ. ಚಕ್ರ ಪೂರ್ತಿ ಬಿಗಿಯಾಗುವವರೆಗೆ ತಿರುಗಿಸಿ, ಅದು ಸಲೀಸಾಗಿ ಸುತ್ತುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಎಷ್ಟೋ ಕಾರುಗಳಲ್ಲಿ ಆಳದ ಪೆಡಲಿಗೆ ಕಾರಣ ಇಷ್ಟೇ. ಆಮೇಲೂ ಪೆಡಲ್ ಮೆತ್ತಗಿದ್ದರೆ ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯಿರಿ.

ಪ್ರಶ್ನೆ: ಪೆಡಲ್ ಬಿಟ್ಟ ಮೇಲೂ ಮುಂದಿನ ಒಂದು ಚಕ್ರ ಬಿಗಿಯಾಗಿಯೇ ಉಳಿಯುತ್ತದೆ. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಬದಲಿಸಬೇಕೇ?

ಉತ್ತರ: ಮೊದಲು ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸನ್ನು ಅನುಮಾನಿಸಿ. ಅದು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ವಾಪಸು ಬರುವುದಿಲ್ಲ. ಚಕ್ರ ಬಿಗಿದಿರುವಾಗ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ಸಡಿಲಿಸಿ. ಒಂದಿಷ್ಟು ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರಿನ ತಪ್ಪಲ್ಲ, ಒತ್ತಡ ಹಿಂದೆಲ್ಲೋ ಸಿಕ್ಕಿಕೊಂಡಿತ್ತು. ನಿಮ್ಮ ವಿಷಯದಲ್ಲಿ ಒಂದೇ ಚಕ್ರವಾದ್ದರಿಂದ ಅದು ಹೋಸ್ ಆಗಿರುವ ಸಾಧ್ಯತೆಯೇ ಹೆಚ್ಚು. ಒಂದನ್ನಲ್ಲ, ಎಲ್ಲ ಹೋಸ್‌ಗಳನ್ನೂ ಬದಲಿಸಿ. ವಯಸ್ಸು ಎಲ್ಲಕ್ಕೂ ಒಂದೇ. ಹಾಗೆ ಮಾಡಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ ಹೊರತೆಗೆದು ನೋಡಿ. ಕ್ರೋಮ್ ಮೇಲೆ ತುಕ್ಕಿನ ಗುಂಡಿಗಳಿದ್ದರೆ ಹೊಸ ಸೀಲ್ ಒಂದರಿಂದ ಪ್ರಯೋಜನವಿಲ್ಲ. ಸ್ಟೇನ್‌ಲೆಸ್ ಪಿಸ್ಟನ್ ಹಾಕಿ.

ಹೊಸ ಪೈಪ್ ಜೋಡಿಸುವಾಗ ಎಚ್ಚರ: 3/8 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಮರೆಯ) ನಟ್ಟು ಮತ್ತು 10 ಮಿ.ಮೀ. ಮೆಟ್ರಿಕ್ ನಟ್ಟು ನೋಡಲು ಒಂದೇ ಥರ. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಬಿಗಿಯಾಗುವ ಬದಲು ಗಡಗಡ ಅಲುಗಾಡಿದರೂ ಅದು ತಪ್ಪು ನಟ್ಟೇ.

ಪ್ರಶ್ನೆ: ರೇಸ್ ಪ್ಯಾಡ್ ರಸ್ತೆಗೆ ಆಗುತ್ತದೆಯೇ?

ಉತ್ತರ: ಇಲ್ಲ. ಅವು ಬಿಸಿಯಾದ ಮೇಲೆ ಹಿಡಿಯುವಂಥವು; ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ ತಣ್ಣಗಿರುತ್ತವೆ. ರಸ್ತೆಗೆಂದೇ ಮಾಡಿದ ಪ್ಯಾಡ್ ಸಾಕು. ಹಳೆಯ ಪ್ಯಾಡು, ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆದ್ದರಿಂದ ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸ ಡಿಸ್ಕ್ ಹಾಕುವುದಾದರೆ ಅದು ಕೂರುವ ಹಬ್ಬಿನ (ಚಕ್ರದ ನಡುಗುಂಬದ) ಮುಖದ ತುಕ್ಕನ್ನು ಪೂರ್ತಿ ತೆಗೆದು ಕೂರಿಸಿ. ಅಲ್ಲಿ ಉಳಿದ ಸಣ್ಣ ಚೂರೊಂದು ಡಿಸ್ಕಿನ ಅಂಚಿನಲ್ಲಿ ದೊಡ್ಡ ಓಲಾಟವಾಗಿ ಪೆಡಲ್ ಮಿಡಿಯುತ್ತದೆ.

ಪ್ರಶ್ನೆ: ಸಿಲಿಕೋನ್ ಬ್ರೇಕ್ ಆಯಿಲ್ ಒಳ್ಳೆಯದೇ?

ಉತ್ತರ: ಅದು, ಅಂದರೆ ಡಾಟ್ 5 ದರ್ಜೆಯ ಆಯಿಲ್, ಕಾರಿನ ಬಣ್ಣ ಕೆಡಿಸುವುದಿಲ್ಲ, ನೀರು ಹೀರುವುದಿಲ್ಲ. ಆದರೆ ಒಳಸೇರಿದ ನೀರು ಕರಗದೆ ತಗ್ಗಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹಳೆಯ ಆಯಿಲ್ ಜೊತೆ ಬೆರೆಸಲೇಬಾರದು. ಓಡಿಸುವ ಕಾರಿಗೆ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5.1 ಹೆಸರಲ್ಲಿ 5 ಇದ್ದರೂ ಸಾಮಾನ್ಯವಾಗಿ ಸಿಲಿಕೋನ್ ಅಲ್ಲ, ಡಾಟ್ 4ರಂತೆ ಗ್ಲೈಕಾಲ್ ಜಾತಿಯದು. ಡಬ್ಬಿಯ ಮೇಲಿನ ಬರಹ ಓದಿಯೇ ತೆರೆಯಿರಿ.